ಫಿಟ್ಸ್‌ಗೆ ಕೊಬ್ಬಿನ ಆಹಾರ: ಮನೆಯಲ್ಲೇ ಶುರು ಮಾಡಬಹುದಾ?

ಪ್ರಶ್ನೆ (ಒಬ್ಬ ತಾಯಿ): ಮಗನಿಗೆ 6 ವರ್ಷ. ಎರಡು ಔಷಧಿ ಆಯಿತು, ಈಗ ಮೂರನೆಯದು, ಆದರೂ ಫಿಟ್ಸ್ ನಿಂತಿಲ್ಲ. ಕೊಬ್ಬು ಜಾಸ್ತಿ ಕೊಟ್ಟರೆ ಹತೋಟಿಗೆ ಬರುತ್ತದೆ ಅಂತ ಕೇಳಿದೆ. ಊಟಕ್ಕೆ ಎರಡು ಚಮಚ ಬೆಣ್ಣೆ ಹೆಚ್ಚಿಗೆ ಹಾಕಿದರೆ ಸಾಕಾ?

ಉತ್ತರ (ಡಯಟಿಷಿಯನ್): ಕೇಳಿದ್ದು ನಿಜ, ಆದರೆ ಎರಡು ಚಮಚ ಬೆಣ್ಣೆಯಿಂದ ಆಗುವ ಕೆಲಸ ಅಲ್ಲ. ಮಾಮೂಲಿ ಊಟದ ಮೇಲೆ ಬೆಣ್ಣೆ ಸುರಿದರೆ ತೂಕ ಏರುತ್ತದೆ, ಅಷ್ಟೇ. ಹಿಟ್ಟು, ಸಕ್ಕರೆ ಅಂಶ (ಕಾರ್ಬೋಹೈಡ್ರೇಟ್) ತೀರಾ ಕಡಿಮೆಯಾಗಿ ಆ ಜಾಗದಲ್ಲಿ ಕೊಬ್ಬು ಬಂದಾಗ ಮಾತ್ರ ಲಿವರ್ ಕೀಟೋನ್ ತಯಾರಿಸುತ್ತದೆ, ಮೆದುಳು ಅದನ್ನು ಇಂಧನವಾಗಿ ಬಳಸುತ್ತದೆ. ಇದೇ ಕೀಟೋಜೆನಿಕ್ ಡಯಟ್. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಫಿಟ್ಸ್‌ಗೆ ಇದನ್ನು ಸೂಚಿಸಿದರು. 1938ರಲ್ಲಿ ಫೆನಿಟಾಯಿನ್ ಎಂಬ ಫಿಟ್ಸ್ ಔಷಧಿ ಬಂದ ಮೇಲೆ ಮಾತ್ರೆಯೇ ಸುಲಭ ಅನ್ನಿಸಿ ಇದು ಮೂಲೆಗೆ ಸರಿಯಿತು.

ಈಗ ಲೆಕ್ಕ ನೋಡಿ. ಕ್ಲಾಸಿಕ್ ಪದ್ಧತಿಯಲ್ಲಿ 4 ಗ್ರಾಂ ಕೊಬ್ಬಿಗೆ ಪ್ರೊಟೀನ್ ಮತ್ತು ಕಾರ್ಬೋಹೈಡ್ರೇಟ್ ಎರಡೂ ಸೇರಿ ಬರೀ 1 ಗ್ರಾಂ. ಅಂದರೆ 40 ಕ್ಯಾಲರಿಯಲ್ಲಿ 36 ಕೊಬ್ಬಿನದ್ದೇ. ಪ್ರತಿ ಊಟವನ್ನೂ ಗ್ರಾಂ ಲೆಕ್ಕದಲ್ಲಿ ತೂಗಬೇಕು. ಬಟ್ಟಲಿಗೆ ಅಂಟಿದ ಎಣ್ಣೆಯನ್ನೂ ಕೆರೆದು ಮಗುವಿಗೆ ತಿನ್ನಿಸಬೇಕು, ಯಾಕೆಂದರೆ ಅದೂ ಡೋಸ್‌ನ ಭಾಗ. ಹಾಗಾಗಿ ಇದನ್ನು ಔಷಧಿ ಅಂತಲೇ ನೋಡಿ.

ಎರಡು ಸರಿಯಾದ ಔಷಧಿ ಸೋತಿದ್ದರೆ ನ್ಯೂರಾಲಜಿಸ್ಟ್ ಹತ್ತಿರ ಇದರ ಬಗ್ಗೆ ನೀವೇ ಕೇಳಿ, ಸಂಕೋಚ ಬೇಡ. ಬ್ರಿಟನ್‌ನಲ್ಲಿ 145 ಮಕ್ಕಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಡಯಟ್ ಗುಂಪಿನ 38% ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ತಗ್ಗಿತು, ಡಯಟ್ ಇಲ್ಲದವರಲ್ಲಿ 6% ಮಕ್ಕಳಿಗೆ ಮಾತ್ರ. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಆದರೆ ಔಷಧಿಗಳು ಸೋತ ಮೇಲೆ ಇಷ್ಟು ಸಿಗುವುದು ದೊಡ್ಡದೇ ಅಲ್ವಾ?

ಅದೇ ತಾಯಿ: ಸರಿ. ಆದರೆ ಮನೆಯಲ್ಲೇ ಶುರು ಮಾಡಿದರೆ ಏನು ತೊಂದರೆ?

ಉತ್ತರ: ದಯವಿಟ್ಟು ಬೇಡ. ಕೆಲವು ಮಕ್ಕಳ ದೇಹಕ್ಕೆ ಹುಟ್ಟಿನಿಂದಲೇ ಕೊಬ್ಬನ್ನು ಶಕ್ತಿಯಾಗಿ ಬಳಸಲು ಬರುವುದಿಲ್ಲ. ಅಂಥವರಿಗೆ ಈ ಡಯಟ್ ಜೀವಕ್ಕೇ ಅಪಾಯ, ಅದಕ್ಕೇ ಮೊದಲು ರಕ್ತ ಪರೀಕ್ಷೆ. ಇನ್ನೊಂದು ಕಡೆ, ಗ್ಲುಟ್-1 (ಗ್ಲುಕೋಸ್ ಸಾಗಿಸುವ ಪ್ರೊಟೀನ್) ಕೊರತೆ ಇರುವ ಮಕ್ಕಳಿಗೆ ಗ್ಲುಕೋಸ್ ಮೆದುಳಿಗೆ ಸರಿಯಾಗಿ ತಲುಪುವುದೇ ಇಲ್ಲ. ಅವರಿಗೆ ಇದೇ ಮೊದಲ ಚಿಕಿತ್ಸೆ.

ಶುರುವಾದ ಮೇಲೆ ಮಲಬದ್ಧತೆ, ವಾಂತಿ ಸಾಮಾನ್ಯ. ಕಿಡ್ನಿ ಕಲ್ಲು, ಕೊಲೆಸ್ಟರಾಲ್ ಏರುವುದು, ಬೆಳವಣಿಗೆ ನಿಧಾನವಾಗುವುದು ಕೆಲವರಲ್ಲಿ ಆಗುತ್ತದೆ. ವಿಟಮಿನ್, ಕ್ಯಾಲ್ಶಿಯಂ ಬೇರೆ ಕೊಡಲೇಬೇಕು. ಈಗಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡೋಸ್ ತಗ್ಗಿಸುವುದು ಡಾಕ್ಟರ್ ಕೆಲಸ.

ಇನ್ನೊಬ್ಬರು: ನನಗೆ 27. ದೊಡ್ಡವರಿಗೂ ಆಗುತ್ತದಾ? ಇಷ್ಟೆಲ್ಲಾ ತೂಗಿಕೊಂಡು ಕೆಲಸಕ್ಕೆ ಹೋಗುವುದು ಕಷ್ಟ.

ಉತ್ತರ: ಆಗುತ್ತದೆ. ದೊಡ್ಡವರಿಗೆ ಹೆಚ್ಚಾಗಿ ಇದರ ಸಡಿಲ ರೂಪವಾದ ಮಾಡಿಫೈಡ್ ಆಟ್ಕಿನ್ಸ್ ಡಯಟ್ ಹೇಳುತ್ತೇವೆ. ಇದರಲ್ಲಿ ಎಲ್ಲವನ್ನೂ ತೂಗುವುದಿಲ್ಲ, ಕಾರ್ಬೋಹೈಡ್ರೇಟ್ ಮಾತ್ರ ದಿನಕ್ಕೆ ಸುಮಾರು 20 ಗ್ರಾಂ ದಾಟದ ಹಾಗೆ ಎಣಿಸಿ ಕೊಬ್ಬು ಧಾರಾಳವಾಗಿ ತಿನ್ನುವುದು. ಪಥ್ಯ ತಪ್ಪದೆ ಉಳಿಸಿಕೊಳ್ಳುವುದೇ ದೊಡ್ಡವರಿಗೆ ಕಷ್ಟ. ಮೂರು ತಿಂಗಳು ನೋಡಿ, ಫಿಟ್ಸ್ ಕಡಿಮೆಯಾಗದಿದ್ದರೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಬಿಡಬಹುದು.

ಇಬ್ಬರಿಗೂ ಒಂದು ಮಾತು. ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಜ್ವರ, ಕೆಮ್ಮು ಅಂತ ಬೇರೆ ಡಾಕ್ಟರ್ ಹತ್ತಿರ ಹೋದಾಗ, ಡ್ರಿಪ್ ಹಾಕುವಾಗ, ಈ ಡಯಟ್ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಸುಮ್ನೆ ಗ್ಲುಕೋಸ್ ಡ್ರಿಪ್ ಏರಿಸಿದರೆ ಕೀಟೋನ್ ಇಳಿದು ಫಿಟ್ಸ್ ಮರಳಬಹುದು.