ಚಳಿಯಲ್ಲಿ ಸೈಕಲ್ ತುಳಿಯಲು ಎಂಥ ಗ್ಲೌಸ್?

ಪ್ರಶ್ನೆ: 3–6 ಡಿಗ್ರಿ ಚಳಿಯಲ್ಲಿ ಒಂದು ಗಂಟೆ ಸವಾರಿ. ದಪ್ಪ ಗ್ಲೌಸ್ ಹಾಕಿದರೂ ಬೆರಳ ತುದಿ ಮರಗಟ್ಟುತ್ತೆ, ಒಳಗೆ ಬೆವರು ಬೇರೆ. ಇನ್ನೂ ದಪ್ಪದ್ದು ಬೇಕಾ?

ಉತ್ತರ 1: ಬೇಡ. ಬೆವರಿಗೆ ಒದ್ದೆಯಾದ ಪದರವೇ ಬೆರಳಿನ ಶಾಖ ಹೀರುತ್ತೆ. ಈ ಚಳಿಗೆ ಮೇಲ್ಭಾಗ ಗಾಳಿ ತಡೆಯುವಂತಿದ್ದು ಅಂಗೈ ತೆಳುವಾಗಿರುವ ಗ್ಲೌಸ್, ಒಳಗೆ ತೆಳು ಮೆರಿನೋ ಲೈನರ್ (ನಯವಾದ ಉಣ್ಣೆಯ ಒಳಗ್ಲೌಸ್) ಸಾಕು. ಲೈನರ್ ಹಾಕಿಕೊಂಡೇ ಅಳತೆ ನೋಡಿ: ಹ್ಯಾಂಡಲ್ ಹಿಡಿದು ಬ್ರೇಕ್ ಒತ್ತಿದಾಗ ಬೆರಳ ತುದಿ ಹೊಲಿಗೆಗೆ ತಾಗಬಾರದು, ಸುಮಾರು 5 ಮಿ.ಮೀ. ಜಾಗ ಉಳಿಯಬೇಕು. ಬಿಗಿಯಾದರೆ ಬೆಚ್ಚಗಿಡುವ ಗಾಳಿಗೂ ಜಾಗವಿಲ್ಲ, ರಕ್ತ ಸಂಚಾರವೂ ಕಡಿಮೆ. ಎಷ್ಟೇ ದುಬಾರಿಯದಾದರೂ ಅಷ್ಟೇ.

ಉತ್ತರ 2: ಮೊದಲು ಯಾವ ಬೆರಳು ಅಂತ ನೋಡಿ. ಕಿರುಬೆರಳು, ಉಂಗುರದ ಬೆರಳು ಮಾತ್ರ ಜೋಮು ಹಿಡಿದರೆ ಅದು ಬಹುಪಾಲು ಚಳಿಯದಲ್ಲ. ಆ ಬೆರಳುಗಳಿಗೆ ಹೋಗುವ ಅಲ್ನಾರ್ ನರದ ಮೇಲೆ ಅಂಗೈ ಬುಡದಲ್ಲಿ ಒತ್ತಡ ಬೀಳುತ್ತಿರುತ್ತೆ. ದಪ್ಪ ಜೆಲ್ ಪ್ಯಾಡ್ ತಪ್ಪು ಜಾಗದಲ್ಲಿ ಕೂತರೂ ಹೀಗಾಗುತ್ತೆ. ಹಿಡಿತ ಆಗಾಗ ಬದಲಿಸಿ.

ಉತ್ತರ 3: ಮಣಿಕಟ್ಟು ಮರೀಬೇಡಿ. ಅಲ್ಲಿ ರಕ್ತನಾಳ ಚರ್ಮದ ಹತ್ತಿರವೇ ಇರೋದು, ಜಾಕೆಟ್ ತೋಳಿಗೂ ಗ್ಲೌಸ್‌ಗೂ ನಡುವೆ ಸಂದಿ ಬಿಟ್ಟರೆ ಕೈಗೆ ಹೋಗುವ ರಕ್ತವೇ ತಣ್ಣಗಾಗುತ್ತೆ. ಉದ್ದ ಕಫ್ ಇರೋದು ತಗೊಳ್ಳಿ. ಸೊನ್ನೆಗಿಂತ ಕೆಳಗಾದರೆ ಎರಡೆರಡು ಬೆರಳು ಜೊತೆಗಿಡುವ ಲಾಬ್‌ಸ್ಟರ್ ಗ್ಲೌಸ್, ಇಲ್ಲವೇ ಹ್ಯಾಂಡಲ್‌ಗೇ ಕಟ್ಟಿ ಒಳಗೆ ಕೈ ತೂರಿಸುವ ಚೀಲದಂಥ ಬಾರ್ ಮಿಟ್. ಮಳೆಗೆ ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಗ್ಲೌಸ್: ನೆನೆಯುತ್ತೆ, ಆದರೂ ಬೆಚ್ಚಗಿರುತ್ತೆ.

ಉತ್ತರ 1 ಬರೆದವರೇ ಮತ್ತೆ: ಗ್ಲೌಸ್ ಒಣಗಿಸುವಾಗ ಒಳಗೆ ಪೇಪರ್ ತುರುಕಿ ನೆರಳಲ್ಲಿಡಿ. ಹೀಟರ್ ಮೇಲಿಟ್ಟರೆ ಪದರಗಳ ಅಂಟು ಬಿಟ್ಟು, ಕೈ ತೆಗೆದಾಗ ಒಳಪದರವೂ ಜೊತೆಗೇ ಹೊರಬರುತ್ತೆ.