ಬೆಂಗಳೂರಿನ ತುರಹಳ್ಳಿ ಕಾಡಲ್ಲಿ ಎರಡೇ ವರ್ಷ ಇರೋ ಕಟ್ಟಡ, ತಳಪಾಯ ಹೇಗೆ ಮಾಡ್ಲಿ?

ಆರ್ಕಿಟೆಕ್ಚರ್ ನಾಲ್ಕನೇ ವರ್ಷ ನಾನು. ಸ್ಟುಡಿಯೋ ಪ್ರಾಜೆಕ್ಟಿಗೆ ತುರಹಳ್ಳಿ ತಗೊಂಡಿದೀನಿ, ಹಕ್ಕಿ ನೋಡೋಕೆ ಬರೋರು ಕೂರೋಕೊಂದು ಚಿಕ್ಕ ಜಾಗ, ಎರಡು ವರ್ಷ ಆದ್ಮೇಲೆ ಬಿಚ್ಕೊಂಡು ಹೋದ್ರೆ ಗುರುತೂ ಉಳೀಬಾರ್ದು. ಬಿದಿರು ಅಂದ್ಕೊಂಡೆ, ಗೈಡು ಕಾಂಕ್ರೀಟ್ ಇಲ್ದೆ ನಿಲ್ಲಲ್ಲ ಅಂತಾರೆ.

ಮೇಸ್ತ್ರಿಮಗ: ನಿಲ್ಲುತ್ತೆ ಗುರು. ಅಲ್ಲಿ ಬಂಡೆನೇ ಜಾಸ್ತಿ, ಅಗೆಯೋಕೆ ಹೋಗ್ಲೇಬೇಡ. ಕೆಳಗೊಂದು ಮರದ ಫ್ರೇಮ್ ಮಾಡಿ ತಂತಿ ಬುಟ್ಟೀಲಿ ಕಲ್ಲು ತುಂಬಿ ಭಾರ ಹೇರು, ಯಾಕಂದ್ರೆ ಹಗುರ ಕಟ್ಟಡಕ್ಕೆ ಕುಸಿಯೋ ಭಯಕ್ಕಿಂತ ಗಾಳಿಗೆ ಹಾರೋ ಭಯನೇ ದೊಡ್ಡದು. ಬಿದಿರನ್ನ ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ನೆನೆಸ್ದೆ ಇದ್ರೆ ಕುಟ್ಟೆ ಹುಳ ಪುಡಿ ಮಾಡ್ಬಿಡುತ್ತೆ, ಆದ್ರೆ ಆ ಔಷಧಿ ಮಳೆಗೆ ತೊಳೆದು ಹೋಗುತ್ತೆ, ಅದಕ್ಕೇ ಸೂರು ಉದ್ದ ಬಿಡು, ಬಿದಿರಿನ ಕಾಲು ಮಣ್ಣಿಗೆ ತಾಗಿಸ್ಬೇಡ. ಜೋಡಣೆ ಎಲ್ಲಾ ಬೋಲ್ಟು.

ಕೆರೆಏರಿ: ಲಂಡನ್ನಿನ ಕ್ಯಾಮ್ಲಿ ಸ್ಟ್ರೀಟ್ ನ್ಯಾಚುರಲ್ ಪಾರ್ಕ್ ನೋಡಿ, 2014ರಲ್ಲಿ ಫಿನ್ಲೆಂಡ್ ಆರ್ಕಿಟೆಕ್ಟುಗಳು ನೆಲದ ತಂಟೆಗೇ ಹೋಗ್ದೆ ಪಕ್ಕದ ರೀಜೆಂಟ್ಸ್ ಕೆನಾಲ್ ಮೇಲೆ ತೇಲೋ ಕಟ್ಟೆ ಮಾಡಿದ್ರು. ನಮ್ಮಲ್ಲಿ ಕೆನಾಲ್ ಎಲ್ಲಿ ಬರ್ಬೇಕು ಬಿಡಿ, ಐಡಿಯಾ ಅಷ್ಟೇ.

ನವಿಲುಗರಿ: ದಿನಾ ಅಲ್ಲೇ ವಾಕ್ ಮಾಡೋಳು ನಾನು. 2021ರಲ್ಲಿ ಅರಣ್ಯ ಇಲಾಖೆಯವ್ರು ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಜನ ಬೀದಿಗಿಳಿದಿದ್ರು, ಅದನ್ನ ಓದ್ಕೊಳಿ. ರಿಸರ್ವ್ ಫಾರೆಸ್ಟ್ ಅಂದ್ರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ, ಟೆಂಪರರಿ ಅಂತ ಬೋರ್ಡ್ ಹಾಕಿದ್ರೂ ಅಷ್ಟೇ. ಗಾಜು ಮಾತ್ರ ಬೇಡ ಕಣ್ರೀ, ಹಕ್ಕಿಗಳು ಡಿಕ್ಕಿ ಹೊಡೆದು ಸಾಯ್ತವೆ. ರಾತ್ರಿ ಲೈಟೂ ಬೇಡ.

ಕೇಳಿದವ: ಮೇಸ್ತ್ರಿಯಣ್ಣ, ಬುಟ್ಟಿಗೆ ಕಲ್ಲು ಅಲ್ಲಿಂದ್ಲೇ ಆರಿಸ್ಕೋಬಹುದಾ?

ಮೇಸ್ತ್ರಿಮಗ: ಬೇಡಪ್ಪ, ಕಲ್ಲಿನಡಿ ಚೇಳು, ಹಲ್ಲಿ ಸಂಸಾರ ಇರುತ್ತೆ. ಹೊರಗಿಂದ ತಂದು ವಾಪಸ್ ತಗೊಂಡೋಗು.