ಥೇಮ್ಸ್ ರಿಂಗ್ ಹೊರಡೋ ಮೊದಲು ನ್ಯಾರೋಬೋಟಲ್ಲಿ ಏನೇನು ನೋಡ್ಕೋಬೇಕು?

ತೇಲುಮನೆ:
ಎಲ್ರಿಗೂ ನಮಸ್ಕಾರ. ನಾನೂ ನನ್ನ ಹೆಂಡ್ತೀನೂ ಇಂಗ್ಲೆಂಡಲ್ಲಿ ನ್ಯಾರೋಬೋಟಲ್ಲೇ (ಕಾಲುವೇಲಿ ಓಡೋ ಉದ್ದನೆ, ಕಿರಿದಾದ ಬೋಟು) ವಾಸ. 57 ಅಡಿ, ಡೀಸಲ್ ಇಂಜಿನ್. ನವೆಂಬರಿಂದ ಬ್ರೌನ್‌ಸ್ಟನ್ ಹತ್ರ ಒಂದು ಮರೀನಾದಲ್ಲಿ ಕಟ್ಟಿಕೊಂಡಿದೀವಿ, ಕರೆಂಟ್ ದಡದಿಂದಾನೇ ಬರುತ್ತೆ, ಸ್ಟವ್ ಉರೀತಿರುತ್ತೆ, ಹಾಗಾಗಿ ಇಂಜಿನ್ ಮುಟ್ಟೋ ಪ್ರಮೇಯಾನೇ ಬರ್ಲಿಲ್ಲ. ಈಸ್ಟರ್ ಆದ್ಮೇಲೆ ಗ್ರ್ಯಾಂಡ್ ಯೂನಿಯನ್ ಕಾಲುವೆ ಹಿಡಿದು ಬ್ರೆಂಟ್‌ಫರ್ಡ್‌ಗೆ ಇಳಿದು, ಅಲ್ಲಿಂದ ಥೇಮ್ಸ್ ನದೀಲಿ ಆಕ್ಸ್‌ಫರ್ಡ್ ತನಕ ಹೋಗಿ, ಆಕ್ಸ್‌ಫರ್ಡ್ ಕಾಲುವೇಲಿ ವಾಪಸ್ ಬರೋ ಪ್ಲಾನ್, ಈ ಸುತ್ತಿಗೇ ಥೇಮ್ಸ್ ರಿಂಗ್ ಅಂತಾರೆ. ಕಾಲುವೆ ಅಭ್ಯಾಸ ಇದೆ, ನದಿ ಇದೇ ಮೊದಲು. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಾಯಿಸಿ ಆಯ್ತು. ಆದ್ರೆ ಡೀಸಲ್ ಫಿಲ್ಟರ್ ಕೆಳಗಿರೋ ಗಾಜಿನ ಬಟ್ಟಲಲ್ಲಿ ಕಪ್ಪಗೆ ಲೋಳೆ ಥರ ಏನೋ ಕೂತಿದೆ, ಅದನ್ನ ತೊಳೆದು ಹಾಕಿದ್ರೆ ಸಾಕಾ? ಇನ್ನೇನು ನೋಡ್ಬೇಕು? ಪೇಂಟ್ ಪಾಲಿಶ್ ವಿಚಾರ ಬಿಡಿ, ದಾರೀಲಿ ಕೈಕೊಡಬಾರದು ಅಷ್ಟೇ.

ಕಡಲಬದಿಯವ:
ಮಾರಾಯ್ರೆ, ಬಟ್ಟಲು ತೊಳೆದ್ರೆ ಸಾಕಾಗುದಿಲ್ಲ, ಅದು ಟ್ಯಾಂಕಿನಿಂದ ಬಂದದ್ದು. ನಾನು ಮಲ್ಪೆಯಲ್ಲಿ ಫಿಶಿಂಗ್ ಬೋಟಿನ ಇಂಜಿನ್ ಕೆಲಸ ಮಾಡ್ತಿದ್ದವ, ಈಗ ಸೌತಾಂಪ್ಟನ್‌ನಲ್ಲಿದ್ದೇನೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ, ಬೋಟು ನಿಂತೇ ಇರ್ತದೆ, ಆಗಸ್ಟಲ್ಲಿ ಇಂಜಿನ್ ಶುರು ಮಾಡುವಾಗ ಮೊದಲು ನೋಡುದೇ ಡೀಸಲಲ್ಲಿ ನೀರು ಉಂಟಾ ಅಂತ. ಟ್ಯಾಂಕ್ ಅರ್ಧ ಖಾಲಿ ಇಟ್ಟು ಚಳಿಗಾಲ ಕಳೆದ್ರೆ ಒಳಗಿನ ಗಾಳಿಯ ತೇವ ತಗಡಿಗೆ ಹನಿಗಟ್ಟಿ ಕೆಳಗೆ ಇಳೀತದೆ, ಡೀಸಲಿಗಿಂತ ನೀರು ಭಾರ ಅಲ್ವಾ, ತಳದಲ್ಲಿ ನಿಲ್ತದೆ, ಆ ನೀರೂ ಡೀಸಲೂ ಸೇರುವ ಗೆರೆಯಲ್ಲೇ ಸೂಕ್ಷ್ಮಜೀವಿ ಬೆಳೆಯುದು. ನಿಮ್ಮ ಕಪ್ಪು ಲೋಳೆ ಅದೇ.

ಒಂದು ಸಣ್ಣ ಕೈಪಂಪಿಗೆ ಗಟ್ಟಿ ಪೈಪು ಸಿಕ್ಕಿಸಿ, ಟ್ಯಾಂಕಿನ ತಳ ಮುಟ್ಟುವ ಹಾಗೆ ಬಿಟ್ಟು, ಪಾರದರ್ಶಕ ಜಾಡಿಗೆ ಎಳೀರಿ. ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಡಿ. ಕೆಳಗೆ ನೀರು, ನಡುವೆ ಕಂದು ಕಪ್ಪು ಪೊರೆ, ಮೇಲೆ ಡೀಸಲ್ ಅಂತ ಮೂರು ಪದರ ಕಾಣ್ತದೆ. ಜಾಡಿಯಲ್ಲಿ ಬರೀ ಡೀಸಲ್ ಬರುವವರೆಗೂ ಎಳೀತಾ ಇರಿ. ಆಮೇಲೆ ಬಯೋಸೈಡ್ (ಆ ಸೂಕ್ಷ್ಮಜೀವಿ ಕೊಲ್ಲುವ ಮದ್ದು) ಹಾಕಿ, ಫಿಲ್ಟರ್ ಹೊಸತು ಹಾಕಿ, ಡೀಸಲ್ ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೀರಿ. ಡೀಸಲ್ ತುಂಬುವ ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ರೆ ಮಳೆ ನೀರು ಸೀದಾ ಟ್ಯಾಂಕಿಗೆ ಇಳೀತದೆ, ಅದನ್ನೂ ಬದಲಿಸಿ.

ಯಾಕೆ ಇಷ್ಟು ಹೇಳುದು ಅಂದ್ರೆ, ಕಾಲುವೆ ನೀರು ನಿಂತ ನೀರು, ಬೋಟು ಅಲ್ಲಾಡುದಿಲ್ಲ, ಕಸ ತಳದಲ್ಲೇ ಮಲಗಿರ್ತದೆ. ಬ್ರೆಂಟ್‌ಫರ್ಡಿಂದ ಟೆಡ್ಡಿಂಗ್‌ಟನ್ ತನಕ ಥೇಮ್ಸಲ್ಲಿ ಉಬ್ಬರ ಇಳಿತ ಉಂಟು, ದೊಡ್ಡ ಬೋಟಿನ ಅಲೆಯೂ ಬರ್ತದೆ. ಅಲ್ಲಿ ಟ್ಯಾಂಕ್ ಕಲಕಿ ಫಿಲ್ಟರ್ ಕಟ್ಟಿ ಇಂಜಿನ್ ನಿಂತ್ರೆ ದಡಕ್ಕೆ ಹಾರಿ ಹಗ್ಗ ಕಟ್ಟುವ ಜಾಗ ಅಲ್ಲ ಅದು.

ಹಿಂಬಾಗಿಲು:
ಕಡಲಬದಿಯವರ ಮಾತು ನೂರಕ್ಕೆ ನೂರು ಸರಿ. ನಾನು ಬಾತ್ ಹತ್ರ ಕೆನೆಟ್ ಆಂಡ್ ಏವನ್ ಕಾಲುವೇಲಿ ಇರೋದು. ಡೀಸಲ್ ಕೆಲಸ ಆದ್ಮೇಲೆ ದಯವಿಟ್ಟು ವೀಡ್ ಹ್ಯಾಚ್ ನೋಡಿ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ಕು, ಹಗ್ಗ ಬಿಡಿಸೋಕೆ ಅಂತ ಇರೋ ಆ ಮುಚ್ಚಳ ಸರಿಯಾಗಿ ಬಿಗಿ ಆಗಿಲ್ಲ ಅಂದ್ರೆ, ಇಂಜಿನ್ ಜೋರು ಮಾಡಿದ ತಕ್ಷಣ ಪ್ರೊಪೆಲ್ಲರ್ ಎಸೆಯೋ ನೀರು ನೇರ ಇಂಜಿನ್ ರೂಮಿಗೆ ನುಗ್ಗುತ್ತೆ, ನ್ಯಾರೋಬೋಟ್‌ಗಳು ಮುಳುಗೋಕೆ ಇದೂ ಒಂದು ಕಾರಣ. ಕೈ ಹಾಕೋ ಮೊದಲು ಇಂಜಿನ್ ಆಫ್ ಮಾಡಿ ಕೀ ಜೇಬಲ್ಲಿ ಇಟ್ಕೊಳ್ಳಿ. ರಬ್ಬರ್ ಸೀಲ್ ಗಟ್ಟಿಯಾಗಿ ಚಪ್ಪಟೆ ಆಗಿದ್ರೆ ಬದಲಾಯಿಸಿ, ಬಿಗಿ ಮಾಡಿ, ಆಮೇಲೆ ಬೋಟ್ ಎರಡೂ ಕಡೆ ಕಟ್ಟಿರೋ ಹಾಗೇ ಗೇರಿಗೆ ಹಾಕಿ ಸ್ವಲ್ಪ ಜೋರು ಮಾಡಿ, ಒಬ್ರು ಟಾರ್ಚ್ ಹಿಡಿದು ಮುಚ್ಚಳದ ಅಂಚು ನೋಡ್ತಾ ನಿಲ್ಲಿ. ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗೋ ಜಾಗದಲ್ಲಿ ನೀರು ತಡೆಯೋ ಸ್ಟರ್ನ್ ಗ್ಲ್ಯಾಂಡೂ ಆಗಲೇ ಕಾಣುತ್ತೆ. ಪ್ಯಾಕಿಂಗ್ (ಗ್ರೀಸ್ ಹಚ್ಚಿದ ಹಗ್ಗ) ಇರೋ ಗ್ಲ್ಯಾಂಡಾದ್ರೆ ತಿರುಗುವಾಗ ಆಗೊಂದು ಈಗೊಂದು ಹನಿ ಬಿದ್ರೆ ಪರವಾಗಿಲ್ಲ, ನಿಲ್ಲಿಸಿ ಗ್ರೀಸ್ ಹಿಡಿಕೆ ತಿರುಗಿಸಿದ ಮೇಲೂ ತೊಟ್ಟಿಕ್ತಾನೇ ಇದ್ರೆ ಎರಡೂ ನಟ್ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತೀರಾ ಬಿಗಿದ್ರೆ ಶಾಫ್ಟ್ ಬಿಸಿಯಾಗುತ್ತೆ.

ನಲ್ಲಿ ಯಾವುದೂ ಬಿಡದೆ ಇದ್ದಾಗ ನೀರಿನ ಪಂಪ್ ತಾನಾಗೇ ಆಗಾಗ ಓಡಿದ್ರೆ ಎಲ್ಲೋ ಸೋರ್ತಿದೆ ಅಂತ, ಹಿಮಕ್ಕೆ ಪೈಪ್ ಸೀಳಿರಬಹುದು.

ಮತ್ತೆ ಕಾರ್ಬನ್ ಮೊನಾಕ್ಸೈಡ್ (ಸ್ಟವ್‌ನಿಂದ ಬರೋ ವಾಸನೆ ಇಲ್ಲದ ವಿಷಗಾಳಿ) ಅಲಾರಂ. 2019ರ ಏಪ್ರಿಲಿಂದ ಬೋಟ್ ಸೇಫ್ಟಿ ಪರೀಕ್ಷೇಲಿ ಇದು ಕಡ್ಡಾಯ. ಸರ್ಟಿಫಿಕೇಟ್ 4 ವರ್ಷಕ್ಕೊಮ್ಮೆ, ಅಷ್ಟರಲ್ಲಿ ಅಲಾರಮ್ಮಿನ ಅವಧಿಯೇ ಮುಗಿದಿರಬಹುದು, ಹಿಂದೆ ತಿರುಗಿಸಿ ತಾರೀಖು ನೋಡಿ. ಏಪ್ರಿಲಲ್ಲೂ ರಾತ್ರಿ ಸ್ಟವ್ ಹಚ್ತೀರಿ, ಚಿಮಣಿ ಕೊಳವೆ ಗುಡಿಸಿ, ಸ್ಟವ್ ಬಾಗಿಲಿನ ಸುತ್ತ ಇರೋ ಹಗ್ಗದ ಸೀಲ್ ಸವೆದಿದ್ರೆ ಹೊಸದು ಹಾಕಿ. ಇದೊಂದನ್ನ ಮಾತ್ರ ನಾಳೆಗೆ ಬಿಡಬೇಡಿ.

ತೇಲುಮನೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಮುಚ್ಚಳದ ರಿಂಗ್ ನೋಡಿದೆ, ಬಿರುಕು ಬಿಟ್ಟೇ ಇದೆ. ಮೇಡಂ, ಇಡೀ ಚಳಿಗಾಲ ದಡದ ಕರೆಂಟಲ್ಲಿ ಇದ್ವಿ, ಹಲ್‌ಗೆ (ಬೋಟಿನ ಉಕ್ಕಿನ ಮೈಗೆ) ಏನಾದ್ರೂ ತೊಂದ್ರೇನಾ? ನೀರಿಂದ ಹೊರಗೆ ತೆಗೆದು ತಳ ನೋಡೋಕೆ ಡ್ರೈ ಡಾಕ್ ಈಗಲೇ ಬೇಕಾ?

ಹಿಂಬಾಗಿಲು:
ಗ್ಯಾಲ್ವನಿಕ್ ಐಸೋಲೇಟರ್ (ಅರ್ತ್ ತಂತಿ ಮೂಲಕ ಹರಿಯೋ ಸಣ್ಣ ಕರೆಂಟ್ ತಡೆಯೋ ಸಾಧನ) ಇದ್ಯಾ ನೋಡಿ. ಇಲ್ಲದಿದ್ರೆ ಅರ್ತ್ ತಂತಿ ಮೂಲಕ ಅಕ್ಕಪಕ್ಕದ ಬೋಟುಗಳೆಲ್ಲ ಒಂದಕ್ಕೊಂದು ಸೇರಿ ನಿಮ್ಮ ಆನೋಡ್ (ಉಕ್ಕಿನ ಬದಲು ತಾನೇ ಕರಗಲಿ ಅಂತ ತಳಕ್ಕೆ ಹಾಕಿರೋ ಲೋಹದ ತುಂಡು) ಬೇಗ ಕರಗುತ್ತೆ, ಅದು ಮುಗಿದ ಮೇಲೆ ಉಕ್ಕಿನ ಸರದಿ. ಸಿಹಿನೀರಿಗೆ ಮೆಗ್ನೀಶಿಯಂ ಆನೋಡೇ ಬೇಕು, ಸಮುದ್ರದ ಬೋಟಿನ ಜಿಂಕ್ ಇಲ್ಲಿ ಕೆಲಸ ಮಾಡಲ್ಲ. ತಳಕ್ಕೆ ತುಕ್ಕು ತಡೆಯೋ ಕಪ್ಪು ಬಣ್ಣ ಬಳಿಸಿ 2-3 ವರ್ಷ ಆಗಿದ್ರೆ ಡಾಕ್ ಬುಕ್ ಮಾಡಿ, ಇಲ್ಲಾಂದ್ರೆ ಟ್ರಿಪ್ ಮುಗಿಸಿ ಬಂದು ಮಾಡಿಸಿ.

ನದಿದಾರಿ:
ನದಿ ಬಗ್ಗೆ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದೀನಿ. ಥೇಮ್ಸ್‌ಗೆ ಎನ್ವಿರಾನ್‌ಮೆಂಟ್ ಏಜೆನ್ಸಿಯ ರಿಜಿಸ್ಟ್ರೇಷನ್ ಬೇರೆ, ಕಾಲುವೆ ಲೈಸೆನ್ಸ್ ಸಾಲಲ್ಲ. ಬ್ರೆಂಟ್‌ಫರ್ಡಿನ ಥೇಮ್ಸ್ ಲಾಕ್ (ಲಾಕ್ ಅಂದ್ರೆ ನೀರಿನ ಮಟ್ಟ ಬದಲಾಗೋ ಕಡೆ ಬೋಟನ್ನ ಏರಿಸಿ ಇಳಿಸೋ ಗೇಟಿನ ಕಟ್ಟೆ) ಮೊದಲೇ ಬುಕ್ ಮಾಡ್ಬೇಕು, ಉಬ್ಬರ ಏರ್ತಿರುವಾಗ ಹೊರಟ್ರೆ ನೀರೇ ನಿಮ್ಮನ್ನ ಟೆಡ್ಡಿಂಗ್‌ಟನ್ ಕಡೆ ತಳ್ಳುತ್ತೆ. ಆಂಕರ್ ಪೆಟ್ಟಿಗೇಲಿ ಇದ್ರೆ ಪ್ರಯೋಜನ ಇಲ್ಲ, ಸರಪಳಿ ಹಗ್ಗ ಸಮೇತ ಬೋಟಿಗೆ ಕಟ್ಟಿ ಕೈಗೆ ಸಿಗೋ ಹಾಗೆ ಇರಲಿ. ಲೈಫ್ ಜಾಕೆಟ್ ಇಬ್ರೂ ಹಾಕ್ಕೊಳ್ಳಿ. ಟೆಡ್ಡಿಂಗ್‌ಟನ್ ದಾಟಿದ ಮೇಲೆ ಲಾಕ್‌ಗಳಲ್ಲಿ ಕೆಂಪು ಬೋರ್ಡ್ ಕಂಡ್ರೆ ಪ್ರವಾಹ ಜೋರಿದೆ ಅಂತ, ಅಲ್ಲೇ ಕಟ್ಟಿ ಕಾಯಿರಿ, ವಸಂತದಲ್ಲಿ ಇದು ಅಪರೂಪ ಅಲ್ಲ.

ಕಡಲಬದಿಯವ:
ಬ್ರೌನ್‌ಸ್ಟನ್ನಿಂದ ಬ್ರೆಂಟ್‌ಫರ್ಡಿಗೆ 90ಕ್ಕೂ ಹೆಚ್ಚು ಮೈಲಿ, ಸುಮಾರು 100 ಲಾಕ್ ಉಂಟು, ಇಂಜಿನ್ನಿಗೆ ಅದೇ ಟ್ರಯಲ್. ಬಯೋಸೈಡಿಗೆ ಸತ್ತ ಕಸ ಅಷ್ಟರೊಳಗೆ ಫಿಲ್ಟರಿಗೆ ಬಂದು ಕೂತಿರ್ತದೆ, ಹಾಗಾಗಿ ಬ್ರೆಂಟ್‌ಫರ್ಡಲ್ಲಿ ನದಿಗೆ ಇಳಿಯುವ ಹಿಂದಿನ ದಿನ ಇನ್ನೊಮ್ಮೆ ಫಿಲ್ಟರ್ ಬದಲಿಸಿ, ಎರಡು ಸ್ಪೇರ್ ಕೈಯಲ್ಲಿರಲಿ. ಫಿಲ್ಟರ್ ಬದಲಿಸಿ ಗಾಳಿ ತೆಗೆಯುದನ್ನು ಈಗಲೇ ಮರೀನಾದಲ್ಲಿ ನೀವಿಬ್ಬರೂ ಒಂದೊಂದು ಸಲ ಮಾಡಿ ನೋಡಿ ಆಯ್ತಾ.